ಕಾರು ತಗ್ಗಿಸುವ ಮುನ್ನ ಟೇಪ್ ಹಿಡಿಯಿರಿ

ನೆಲಕ್ಕೆ ಅಂಟಿಕೊಂಡು ನಿಂತ ಕಾರು ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಗೆ ನಿಂತ ಕಾರೆಲ್ಲ ತಿರುವಿನಲ್ಲಿ ಚೆನ್ನಾಗಿ ಓಡುತ್ತದೆ ಎಂದುಕೊಳ್ಳಬೇಡಿ. ನಾನು ಮೊದಲ ಸಲ ಒಂದು ಹಳೆಯ ಹ್ಯಾಚ್‌ಬ್ಯಾಕನ್ನು 60 ಮಿ.ಮೀ. ತಗ್ಗಿಸಿದಾಗ ಅದು ಮೊದಲಿಗಿಂತ ಕೆಟ್ಟದಾಗಿ ತಿರುಗುತ್ತಿತ್ತು. ಯಾಕೆ ಎಂದು ಅರ್ಥವಾಗುವಷ್ಟರಲ್ಲಿ ಮುಂದಿನ ಎರಡೂ ಟೈರ್ ಹೋಗಿದ್ದವು.

ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಕಾರಿನ ತೂಕ 1,200 ಕೆ.ಜಿ., ಅದರ ಭಾರ ಕೇಂದ್ರ ನೆಲದಿಂದ 550 ಮಿ.ಮೀ. ಎತ್ತರ, ಎಡ-ಬಲ ಚಕ್ರಗಳ ನಡುವೆ 1,500 ಮಿ.ಮೀ. ಅಂತರ ಇದೆ ಅಂತಿಟ್ಟುಕೊಳ್ಳಿ. ಜೋರಾಗಿ, ಅಂದರೆ 0.8 ಜಿ (ಗುರುತ್ವ ಬಲದ 0.8 ಪಟ್ಟು) ಬಲದಲ್ಲಿ ತಿರುಗಿಸಿದಾಗ ಸುಮಾರು 352 ಕೆ.ಜಿ. ಭಾರ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳ ಮೇಲೆ ಹೋಗಿ ಕೂರುತ್ತದೆ. ಟೈರಿನ ಮೇಲೆ ಭಾರ ಎರಡು ಪಟ್ಟಾದರೂ ಹಿಡಿತ ಎರಡು ಪಟ್ಟಾಗುವುದಿಲ್ಲ, ಹಾಗಾಗಿ ಈ ವರ್ಗಾವಣೆ ಕಡಿಮೆಯಾದಷ್ಟೂ ಒಳ್ಳೆಯದು. ಕಾರನ್ನು 30 ಮಿ.ಮೀ. ತಗ್ಗಿಸಿದರೆ ಅದು 333 ಕೆ.ಜಿ.ಗೆ ಇಳಿಯುತ್ತದೆ. ಕಡಿಮೆಯಾದದ್ದು ಬರೀ 19 ಕೆ.ಜಿ.! ಲಾಭ ಇದೆ, ಆದರೆ ಜನ ಹೇಳಿಕೊಳ್ಳುವಷ್ಟಲ್ಲ. ತಗ್ಗಿಸಿದ ಕಾರು ಚುರುಕಾಗಿದೆ ಅನ್ನಿಸುವುದಕ್ಕೆ ಅದರ ಜೊತೆ ಹಾಕುವ ಗಟ್ಟಿ ಸ್ಪ್ರಿಂಗೇ ಹೆಚ್ಚಿನ ಪಾಲು ಕಾರಣ.

ಈಗ ನಷ್ಟದ ಕಡೆ ನೋಡಿ. ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿರುವುದು ಲೋವರ್ ಆರ್ಮ್. ಕಾರು ಕಂಪನಿಯಿಂದ ಬಂದಾಗ ಅದು ಸಾಮಾನ್ಯವಾಗಿ ಹೆಚ್ಚು ಕಡಿಮೆ ಮಟ್ಟವಾಗಿರುತ್ತದೆ, ಇಲ್ಲವೇ ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗಿರುತ್ತದೆ. ಜಾಸ್ತಿ ತಗ್ಗಿಸಿದರೆ ಚಕ್ರದ ಕಡೆಯ ತುದಿ ಮೇಲೇಳುತ್ತದೆ. ತಿರುವಿನಲ್ಲಿ ಬಾಡಿ ಒಂದು ಕಾಲ್ಪನಿಕ ಬಿಂದುವಿನ ಸುತ್ತ ವಾಲುತ್ತದೆ, ಅದನ್ನು ರೋಲ್ ಸೆಂಟರ್ ಅನ್ನುತ್ತಾರೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಜೋಡಣೆ) ಇರುವ ಕಾರಿನಲ್ಲಿ ಬಾಡಿ 30 ಮಿ.ಮೀ. ಇಳಿದರೆ ಈ ಬಿಂದು ಅದಕ್ಕಿಂತ ಹೆಚ್ಚು ಕೆಳಗೆ ಹೋಗುತ್ತದೆ. ಅದಕ್ಕೂ ಭಾರ ಕೇಂದ್ರಕ್ಕೂ ನಡುವಿನ ಅಂತರವೇ ಬಾಡಿಯನ್ನು ವಾಲಿಸುವ ಸನ್ನೆಕೋಲು, ಅದು ಈಗ ಇನ್ನೂ ಉದ್ದವಾಯಿತು. ಸ್ಪ್ರಿಂಗ್ ಗಟ್ಟಿ ಇಲ್ಲದಿದ್ದರೆ ತಗ್ಗಿಸಿದ ಕಾರು ಮೊದಲಿಗಿಂತ ಜಾಸ್ತಿ ವಾಲುತ್ತದೆ. ವಿಚಿತ್ರ ಅಲ್ವಾ?

ಸರಿ, ಕೆಲಸಕ್ಕೆ ಬರೋಣ. ಯಾವುದನ್ನೂ ಬಿಚ್ಚುವ ಮೊದಲು ಕಾರನ್ನು ಮಟ್ಟ ನೆಲದ ಮೇಲೆ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳೆದು ಬರೆದಿಡಿ. ಶಾಕ್ ಅಬ್ಸಾರ್ಬರ್ ತನ್ನ ಚಲನೆಯ ಕೊನೆಯಲ್ಲಿರುವ ರಬ್ಬರ್ ತಡೆಗೆ, ಅಂದರೆ ಬಂಪ್ ಸ್ಟಾಪ್‌ಗೆ ಬಡಿಯಲು ಎಷ್ಟು ಜಾಗ ಇದೆ ಅಂತಲೂ ನೋಡಿ. 70 ಮಿ.ಮೀ. ಇದ್ದ ಕಡೆ 60 ತಗ್ಗಿಸಿದರೆ ಉಳಿಯುವುದು 10. ನನ್ನ ಕಾರಿನಲ್ಲಿ ಆಗಿದ್ದು ಹೆಚ್ಚು ಕಡಿಮೆ ಇದೇ. ತಿರುವಿನ ಮಧ್ಯೆ ಶಾಕ್ ಹೋಗಿ ಸ್ಟಾಪ್‌ಗೆ ಒರಗುತ್ತಿತ್ತು, ಆ ಕ್ಷಣ ಆ ಮೂಲೆ ಕಲ್ಲಿನಂತಾಗಿ ಮೂತಿ ಹೊರಕ್ಕೆ ಜಾರುತ್ತಿತ್ತು. ಹಿಂದಿನ ಚಕ್ರದಲ್ಲಿ ಹೀಗಾದರೆ ಬಾಲ ತಿರುಗುತ್ತದೆ, ಅದು ಇನ್ನೂ ಅಪಾಯ. ಮಾಮೂಲಿ ರಸ್ತೆಯಲ್ಲಿ ಓಡುವ ಕಾರಿಗೆ 25ರಿಂದ 30 ಮಿ.ಮೀ. ಸಾಕು ಎಂಬುದು ನನ್ನ ಅಭಿಪ್ರಾಯ.

ಇರುವ ಸ್ಪ್ರಿಂಗನ್ನೇ ಕತ್ತರಿಸುವ ಯೋಚನೆ ಬೇಡ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದು ಕತ್ತರಿಸಿದರೆ ಸ್ಪ್ರಿಂಗ್ ಶೇ 20ರಷ್ಟು ಗಟ್ಟಿಯಾಗುವುದು ನಿಜ, ಆದರೆ ಕತ್ತರಿಸಿದ ತುದಿ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಪೂರ್ತಿ ಕೆಳಗೆ ಜೋತಾಗ ಸ್ಪ್ರಿಂಗ್ ಜಾಗ ಬಿಟ್ಟು ಸರಿದುಬಿಡಬಹುದು. ಕಾಯಿಸಿ ಕುಗ್ಗಿಸುವವರೂ ಇದ್ದಾರೆ, ಅದು ಉಕ್ಕಿನ ಹದವನ್ನೇ ಕೆಡಿಸುತ್ತದೆ. ನಿಮ್ಮ ಮಾಡೆಲ್‌ಗೆ ಅಂತಲೇ ಮಾಡಿದ ಗಿಡ್ಡ ಸ್ಪ್ರಿಂಗ್ ತನ್ನಿ, ಅದಕ್ಕೆ ಹೊಂದುವ ಶಾಕ್ ಜೊತೆಗೇ ಹಾಕಿಸಿ. ಗಟ್ಟಿ ಸ್ಪ್ರಿಂಗಿನ ಜಿಗಿತವನ್ನು ಹಳೆಯ ಶಾಕ್ ತಡೆಯಲಾರದು, ಕಾರು ಚೆಂಡಿನ ಹಾಗೆ ಕುಣಿಯುತ್ತದೆ. ಎತ್ತರ ಬೇಕಾದಂತೆ ಬದಲಿಸಬಲ್ಲ ಸ್ಪ್ರಿಂಗ್-ಶಾಕ್ ಜೋಡಿ, ಅಂದರೆ ಕಾಯಿಲ್‌ಓವರ್ ಒಳ್ಳೆಯದೇ, ಆದರೆ ಸುಮ್ನೆ ಓಡಾಡುವ ಕಾರಿಗೆ ಅದು ಮೂಗಿಗಿಂತ ಮೂಗುತಿ ಭಾರ.

ಜೋಡಿಸುವಾಗ ಬಹಳ ಜನ ತಪ್ಪುವುದು ಒಂದೇ ಕಡೆ. ಆರ್ಮ್‌ಗಳ ಕೀಲಿನಲ್ಲಿರುವ ರಬ್ಬರ್ ಬುಷ್ ಬೋಲ್ಟ್‌ಗಳನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಬಿಗಿಯಬೇಡಿ. ಚಕ್ರಗಳ ಮೇಲೆ ಕಾರಿನ ಭಾರ ಬಂದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇದನ್ನು ಕಾರಿನ ಕೆಳಗೆ ಮಲಗಿ ಮಾಡುವುದಾದರೆ ಬರೀ ಜ್ಯಾಕ್ ನಂಬಬೇಡಿ, ರ್‍ಯಾಂಪ್ ಬೇಕೇ ಬೇಕು.

ಮುಗಿದ ಕೂಡಲೇ ವೀಲ್ ಅಲೈನ್‌ಮೆಂಟ್. ಎತ್ತರ ಬದಲಾದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಕೋನ ಬದಲಾಗುತ್ತದೆ, ಅದರೊಂದಿಗೆ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಕೂಡ. ಚಕ್ರದ ಮೇಲ್ಭಾಗ ಒಳಕ್ಕೆ ವಾಲುವ ನೆಗೆಟಿವ್ ಕ್ಯಾಂಬರ್ ಸ್ವಲ್ಪ ಇದ್ದರೆ ತಿರುವಿನಲ್ಲಿ ಅನುಕೂಲವೇ, ಟೈರ್ ತಿನ್ನುವುದು ಮುಖ್ಯವಾಗಿ ತಪ್ಪಿದ ಟೋ. ನನ್ನ ಟೈರ್‌ಗಳ ಒಳ ಅಂಚು ನುಣ್ಣಗಾಗಿದ್ದೂ ಅದರಿಂದಲೇ, ಹೊರಗಿನಿಂದ ನೋಡಿದರೆ ಹೊಸದರಂತಿದ್ದವು. ಅಲೈನ್‌ಮೆಂಟ್ ಆದ ಮೇಲೂ ಗುಂಡಿ ಸಿಕ್ಕಾಗೆಲ್ಲ ಸ್ಟೀರಿಂಗ್ ತಾನೇ ಎಳೆಯುತ್ತಿದ್ದರೆ ಅದು ಬಂಪ್ ಸ್ಟೀರ್. ಅದಕ್ಕೆ ಟೈ ರಾಡ್ ತುದಿಯ ಎತ್ತರವನ್ನೇ ಸರಿಪಡಿಸಬೇಕು. ಮುಂಭಾಗ ಹಿಂಭಾಗ ಬೇರೆ ಬೇರೆ ಅಳತೆಗೆ ತಗ್ಗಿದ್ದರೆ ಹೆಡ್‌ಲೈಟನ್ನೂ ಹೊಂದಿಸಿಕೊಳ್ಳಿ.

ಕೆಲವು ನೂರು ಕಿ.ಮೀ. ಓಡಿದ ಮೇಲೆ ಹೊಸ ಸ್ಪ್ರಿಂಗ್ ಇನ್ನೂ ಒಂಚೂರು ಕೂರುತ್ತದೆ. ಆಗ ಮತ್ತೆ ಟೇಪ್ ಹಿಡಿದು ನಾಲ್ಕೂ ಮೂಲೆ ಅಳೆಯಿರಿ, ಎತ್ತರ ಇಳಿದಿದ್ದರೆ ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ.