ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್‌ಗೆ ನೆಚ್ಚಬಹುದಾದ ವೈ-ಫೈ

ಬಿಡಿಭಾಗಗಳನ್ನು ತಂದು ಡೆಸ್ಕ್‌ಟಾಪ್ ಜೋಡಿಸುವವರು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡುಗಳ ಬಗ್ಗೆ ವಾರಗಟ್ಟಲೆ ವಿಚಾರಿಸುತ್ತಾರೆ. ವೈ-ಫೈ ಮಾತು ಬಂದಾಗ ಮಾತ್ರ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕಡೆಗಳಿಗೆಯಲ್ಲಿ ಕೈಗೆ ಸಿಕ್ಕ ಡಾಂಗಲ್ (ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ವೈ-ಫೈ ಸಾಧನ) ಒಂದನ್ನು ಬಿಲ್ಲಿಗೆ ಸೇರಿಸಿಕೊಂಡು ಬರುತ್ತಾರೆ. ಆಮೇಲೆ ವಿಡಿಯೊ ಕರೆ ನಡುವೆಯೇ ಕಡಿದುಹೋದಾಗ ದೂರು ಇಂಟರ್‌ನೆಟ್ ಕಂಪನಿಯ ಮೇಲೆ ಬೀಳುತ್ತದೆ. ಸಂಪರ್ಕ ಎಷ್ಟು ಗಟ್ಟಿಯಾಗಿರುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೆ ಅಚ್ಚಾದ ವೇಗಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಒಳಗಿರುವ ಚಿಪ್ ಮತ್ತು ಆಂಟೆನಾ ನಿಂತ ಜಾಗ.

ರೌಟರ್ ಅದೇ ಕೋಣೆಯಲ್ಲಿದ್ದರೆ ಈ ಚರ್ಚೆಯೇ ಬೇಡ. ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದುಬಿಡಿ. ಗೋಡೆ ಕೊರೆಯಲಾಗದ ಬಾಡಿಗೆ ಮನೆಯವರಿಗೆ, ಕೋಣೆಗಳು ದೂರವಿರುವವರಿಗೆ ಮುಂದಿನ ಮಾತು.

ಮದರ್‌ಬೋರ್ಡ್ ಇನ್ನೂ ಕೊಂಡಿಲ್ಲವಾದರೆ ವೈ-ಫೈ ಅಳವಡಿಸಿಯೇ ಬರುವ ಮಾದರಿಯನ್ನು ಆರಿಸುವುದು ಜಾಣತನ. ಬೋರ್ಡ್ ಈಗಾಗಲೇ ಮನೆಯಲ್ಲಿದ್ದು, ಅದರಲ್ಲಿ ವೈ-ಫೈಗೆಂದೇ ಮೀಸಲಾದ ಎಂ.2 ಇ-ಕೀ ಕಿಂಡಿ ಖಾಲಿ ಇದ್ದರೆ ಸಣ್ಣ ಕಾರ್ಡೊಂದನ್ನು ಪ್ರತ್ಯೇಕವಾಗಿ ತಂದು ಕೂರಿಸಬಹುದು. ಇಲ್ಲಿ ಒಂದು ಸಂಖ್ಯೆ ತಪ್ಪಿದರೂ ಹಣ ವ್ಯರ್ಥ. ಇಂಟೆಲ್‌ನ ಎಎಕ್ಸ್200 ಮತ್ತು ಎಎಕ್ಸ್210 ಬೋರ್ಡಿಗೆ ಕಾರ್ಡುಗಳನ್ನು ಜೋಡಿಸುವ ಸಾಮಾನ್ಯ ಸಂಪರ್ಕವಾದ ಪಿಸಿಐಇ ಮೂಲಕ ಕೆಲಸ ಮಾಡುವುದರಿಂದ ಎಎಂಡಿ ಪ್ರೊಸೆಸರಿನ ಬೋರ್ಡುಗಳಲ್ಲಿಯೂ ನಡೆಯುತ್ತವೆ. ನೋಡಲು ಹಾಗೆಯೇ ಇರುವ ಎಎಕ್ಸ್201 ಮತ್ತು ಎಎಕ್ಸ್211 ಕಾರ್ಡುಗಳಾದರೋ ಸಿಎನ್‌ವಿಐ ಎಂಬ ಇಂಟೆಲ್‌ನ ಸ್ವಂತ ವ್ಯವಸ್ಥೆಯನ್ನು ನೆಚ್ಚಿಕೊಂಡಿವೆ. ವೈ-ಫೈನ ಒಂದು ಪಾಲಿನ ಕೆಲಸವನ್ನು ಚಿಪ್‌ಸೆಟ್ಟೇ ಮಾಡಬೇಕಾದ್ದರಿಂದ ಅದಕ್ಕೆ ಹೊಂದುವ ಇಂಟೆಲ್ ಬೋರ್ಡ್ ಇಲ್ಲದ ಕಡೆ ಅವು ಜೀವ ತಳೆಯುವುದೇ ಇಲ್ಲ. ವೈ-ಫೈ 7ರ ಬಿಇ200 ಕೂಡ ಎಎಂಡಿ ಬೋರ್ಡುಗಳಲ್ಲಿ ತಕರಾರು ಮಾಡಿದ್ದುಂಟು. ಅಂಗಡಿಯವರು ಎಎಕ್ಸ್210, ಎಎಕ್ಸ್211 ಎರಡೂ ಒಂದೇ ಎಂದರೂ ಕಾರ್ಡಿನ ಮೇಲಿನ ಚೀಟಿಯನ್ನು ನೀವೇ ಓದಿ.

ಅಂಥ ಕಿಂಡಿ ಇಲ್ಲದಿದ್ದರೆ ಪಿಸಿಐಇ ಕಾರ್ಡೇ ನನ್ನ ಆಯ್ಕೆ. ಎಕ್ಸ್1 ಎಂಬ ಚಿಕ್ಕ ಅಳತೆಯ ಈ ಕಾರ್ಡ್ ಉದ್ದದ ಕಿಂಡಿಗಳಲ್ಲಿಯೂ ಕೂರುತ್ತದೆ. ಆದರೆ ದಪ್ಪನೆಯ ಗ್ರಾಫಿಕ್ಸ್ ಕಾರ್ಡ್ ಆ ಕಿಂಡಿಯನ್ನು ಮುಚ್ಚಿಬಿಡುವುದಿಲ್ಲವೇ ಎಂದು ಮೊದಲೇ ನೋಡಿಕೊಳ್ಳಬೇಕು. ಕಾರ್ಡಿನ ಜೊತೆ ಬರುವ ತೆಳು ಕೇಬಲನ್ನು ಬೋರ್ಡಿನ ಒಂಬತ್ತು ಪಿನ್ನಿನ ಯುಎಸ್‌ಬಿ 2.0 ಹೆಡರಿಗೆ (ಪಿನ್ನುಗಳ ಗುಂಪಿಗೆ) ಸಿಕ್ಕಿಸದಿದ್ದರೆ ವೈ-ಫೈ ನಡೆದರೂ ಬ್ಲೂಟೂತ್ ಕಾಣಿಸುವುದಿಲ್ಲ. ಕಾರ್ಡ್ ಕೆಟ್ಟಿದೆ ಎಂದು ಎಷ್ಟೋ ಮಂದಿ ಹಿಂದಿರುಗಿಸುವುದು ಇದೊಂದು ಕೇಬಲಿನ ಕಾರಣಕ್ಕೆ.

ಆಂಟೆನಾ ವಿಷಯದಲ್ಲಿ ನಾನು ಹಟ ಹಿಡಿದು ಹೇಳುತ್ತೇನೆ. ಕಾರ್ಡಿನ ಬೆನ್ನಿಗೇ ತಿರುಪಿದ ಕಡ್ಡಿ ಆಂಟೆನಾಗಳು ಮೇಜಿನ ಕೆಳಗೆ, ಕಬ್ಬಿಣದ ಕ್ಯಾಬಿನೆಟ್ ಮತ್ತು ಗೋಡೆಯ ನಡುವಿನ ನಾಲ್ಕು ಬೆರಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ರೌಟರ್ ಇರುವ ದಿಕ್ಕಿಗೆ ಕ್ಯಾಬಿನೆಟ್ಟೇ ಅಡ್ಡ ನಿಂತಿರುತ್ತದೆ. ಅದಕ್ಕಾಗಿ ಉದ್ದನೆಯ ತಂತಿ ಮತ್ತು ಆಯಸ್ಕಾಂತದ ಬುಡವಿರುವ ಆಂಟೆನಾ ಇರುವ ಕಾರ್ಡನ್ನೇ ಕೇಳಿ ಪಡೆಯಿರಿ. ಅದನ್ನು ಮೇಜಿನ ಮೇಲೆ, ಮಾನಿಟರಿನ ಬೆನ್ನಿನಿಂದ ದೂರ ಇಟ್ಟು, ಎರಡೂ ಆಂಟೆನಾ ತಂತಿಗಳ ಹಿತ್ತಾಳೆಯ ತುದಿಗಳನ್ನು ಕಾರ್ಡಿಗೆ ಬೆರಳಿನಿಂದಲೇ ಬಿಗಿಯಾಗಿ ತಿರುಗಿಸಿ. ವಿಂಡೋಸ್‌ನ ಸಿಗ್ನಲ್ ಗೀಟುಗಳು ಒರಟು ಅಳತೆ. ಸಿಗ್ನಲ್‌ನ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ತೋರಿಸುವ ತಂತ್ರಾಂಶದಲ್ಲಿ -65ರ ಆಸುಪಾಸು ಇದ್ದರೆ ನಿಶ್ಚಿಂತೆ, -75ಕ್ಕಿಂತ ಕೆಳಗಿಳಿದರೆ ಜಾಗ ಬದಲಿಸಬೇಕು.

ಯುಎಸ್‌ಬಿ ಡಾಂಗಲ್ ಅನಿವಾರ್ಯವಾದರೆ ಉಗುರಿನಷ್ಟು ಸಣ್ಣದನ್ನು ಬಿಟ್ಟು ಆಂಟೆನಾ ಇರುವುದನ್ನು ಕೊಳ್ಳಿ. ಯುಎಸ್‌ಬಿ 3.0 ಸಂಪರ್ಕಗಳಿಂದ ಹೊಮ್ಮುವ ರೇಡಿಯೊ ಗದ್ದಲ ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಕದಡುತ್ತದೆ ಎಂದು ಇಂಟೆಲ್ 2012ರಲ್ಲಿಯೇ ಪ್ರಬಂಧವೊಂದರಲ್ಲಿ ವಿವರಿಸಿದೆ. ಹಾಗಾಗಿ ಡಾಂಗಲನ್ನು ವಿಸ್ತರಣಾ ಕೇಬಲಿಗೆ ಹಾಕಿ, ಹೊರ ಹಾರ್ಡ್‌ಡಿಸ್ಕಿನಿಂದ ದೂರವಿಡಬೇಕು. ಲಿನಕ್ಸ್ ಬಳಸುವವರಿಗೆ ಡಾಂಗಲಿಗಿಂತ ಇಂಟೆಲ್ ಕಾರ್ಡೇ ಕ್ಷೇಮ, ಏಕೆಂದರೆ ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿಯೇ ಇದೆ.

ವೇಗದ ಲೆಕ್ಕ ಸರಳ. ಪೆಟ್ಟಿಗೆಯ ಮೇಲಿನ ಎಎಕ್ಸ್3000 ಎಂಬುದು 2.4 ಗಿಗಾಹರ್ಟ್ಸ್ ಪಟ್ಟಿಯ 574 ಮತ್ತು 5 ಗಿಗಾಹರ್ಟ್ಸ್ ಪಟ್ಟಿಯ 2402 ಮೆಗಾಬಿಟ್ (ಸೆಕೆಂಡಿಗೆ) ವೇಗಗಳ ದುಂಡಾಗಿಸಿದ ಮೊತ್ತ. ಕಂಪ್ಯೂಟರ್ ಒಂದು ಸಲಕ್ಕೆ ಅವುಗಳಲ್ಲಿ ಒಂದು ಪಟ್ಟಿಯನ್ನೇ ಬಳಸುತ್ತದೆ. 2402 ಸಿಗಲು ರೌಟರಿಗೂ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಬರಬೇಕು, ಇಲ್ಲವಾದರೆ 1201ಕ್ಕೆ ಇಳಿಯುತ್ತದೆ, ನಿಜವಾಗಿ ಕೈಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಒಂದೆರಡು ಇಟ್ಟಿಗೆ ಗೋಡೆ ದಾಟಬೇಕಿದ್ದರೆ 5 ಗಿಗಾಹರ್ಟ್ಸ್ ಸಾಕಾಗಬಹುದು. ಸೈಜುಗಲ್ಲಿನ ಹಳೆಯ ಮನೆ ಅಥವಾ ಕಾಂಕ್ರೀಟ್ ತಾರಸಿಯ ಮೇಲಿನ ಕೋಣೆಯಾದರೆ 2.4 ನಿಧಾನವಾದರೂ ನಿಲ್ಲುತ್ತದೆ. ಅಕ್ಕಪಕ್ಕದ ಮನೆಗಳ ಗದ್ದಲ ಹೆಚ್ಚಿದ್ದರೆ ಅದರಲ್ಲಿ 1, 6, 11ನೇ ಚಾನೆಲ್‌ಗಳಲ್ಲಿ ಕಡಿಮೆ ಕಿಕ್ಕಿರಿದದ್ದನ್ನು ರೌಟರಿನಲ್ಲಿ ನಿಗದಿ ಮಾಡಿ. ವೈ-ಫೈ 6ಇ ಕಾರ್ಡ್ ಕೊಂಡವರಿಗೆ 6 ಗಿಗಾಹರ್ಟ್ಸ್ ಸಿಗಬೇಕಾದರೆ ರೌಟರ್ ಕೂಡ ಅದನ್ನು ಬೆಂಬಲಿಸಬೇಕು.

ವಿಂಡೋಸ್ ಹೊಸದಾಗಿ ಹಾಕುವ ಮೊದಲು ಕಾರ್ಡಿನ ಡ್ರೈವರನ್ನು ಪೆನ್‌ಡ್ರೈವಿಗೆ ಇಳಿಸಿಟ್ಟುಕೊಳ್ಳಿ. ಮರೆತಿದ್ದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲಿನಲ್ಲಿ ಜೋಡಿಸಿ ಟೆದರಿಂಗ್ ಮಾಡಿದರೆ ಇಂಟರ್‌ನೆಟ್ ಬರುತ್ತದೆ. ಬಳಿಕ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ವಿದ್ಯುತ್ ಉಳಿತಾಯದ ಆಯ್ಕೆಯನ್ನು ತೆಗೆದುಹಾಕಿ, ರೌಟರಿನ ವಿಳಾಸಕ್ಕೆ ಅರ್ಧ ಗಂಟೆ ಬಿಡದೆ ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ ತೋರಿಸುವ ಆಜ್ಞೆ) ಓಡಿಸಿ. ಉತ್ತರಗಳು ಕೆಲವೇ ಮಿಲಿಸೆಕೆಂಡಿನಲ್ಲಿ ಸಮನಾಗಿ ಬರುತ್ತಿದ್ದರೆ ನಿಮ್ಮ ಕಡೆಯ ಕೆಲಸ ಸರಿಯಾಗಿದೆ. ಆಗಲೂ ಇಂಟರ್‌ನೆಟ್ ತಡವರಿಸುತ್ತಿದ್ದರೆ ತೊಡಕು ರೌಟರಿನಿಂದಾಚೆ ಇರುವ ಸಾಧ್ಯತೆಯೇ ಹೆಚ್ಚು, ಇಂಟರ್‌ನೆಟ್ ಕಂಪನಿಗೆ ಕರೆ ಮಾಡಬೇಕಾದದ್ದು ಆಗ.