ಕಾರ್ಲ್ಸ್‌ರೂಹೆಯಿಂದ ಭಾನುವಾರದ ರೈಲು

ಟಿಟಿಜೇ ನಿಲ್ದಾಣದಲ್ಲಿ ರೈಲು ಎರಡು ಭಾಗವಾಗಿ ಕಳಚಿಕೊಂಡಾಗ ಇವರು ಒಂದು ಭಾಗದಲ್ಲಿದ್ದರು, ನಾನು ಇನ್ನೊಂದರಲ್ಲಿದ್ದೆ. 2022ರ ಜುಲೈ ತಿಂಗಳ ಒಂದು ಭಾನುವಾರ. ಜರ್ಮನಿಗೆ ಬಂದು ನಾಲ್ಕು ತಿಂಗಳೂ ತುಂಬಿರಲಿಲ್ಲ. ಫ್ರೈಬುರ್ಗ್‌ನಲ್ಲಿ ರೈಲು ಹತ್ತುವಾಗ ಕಾಲಿಡಲು ಜಾಗವಿರಲಿಲ್ಲ. ಸೈಕಲ್ಲು, ಮಕ್ಕಳ ಗಾಡಿ, ನಾಯಿ, ಬೆನ್ನಚೀಲಗಳ ನಡುವೆ ಇವರು ಮುಂದಿನ ಬಾಗಿಲಿನಿಂದ ನುಗ್ಗಿದರು. ನಾನು ಎರಡು ಬಾಗಿಲು ಹಿಂದೆ ಸಿಕ್ಕಿದಲ್ಲಿ ಹತ್ತಿಕೊಂಡೆ. ಒಂದೇ ರೈಲು ತಾನೆ, ಜನ ಇಳಿದ ಮೇಲೆ ಒಳಗಿನಿಂದಲೇ ನಡೆದು ಹೋಗಿ ಜೊತೆಯಾಗಬಹುದು ಎಂದುಕೊಂಡಿದ್ದೆ.

ಆ ಸಾಲಿನಲ್ಲಿ ಎರಡು ರೈಲುಗಳನ್ನು ಜೋಡಿಸಿ ಓಡಿಸುತ್ತಾರೆ. ಟಿಟಿಜೇಯಲ್ಲಿ ಅವು ಬೇರೆಯಾಗಿ, ಒಂದು ಶ್ಲುಖ್‌ಜೇ ಕೆರೆಯ ಕಡೆಗೆ, ಇನ್ನೊಂದು ನೊಯ್‌ಸ್ಟಾಟ್ ಕಡೆಗೆ ಹೋಗುತ್ತದೆ. ಧ್ವನಿವರ್ಧಕದಲ್ಲಿ ಹೇಳಿದ್ದರು. ಆದರೆ ನನ್ನ ಜರ್ಮನ್ ಆಗ ಅಂಕಿ ಮತ್ತು ತರಕಾರಿಗಳ ಹೆಸರನ್ನು ದಾಟಿರಲಿಲ್ಲ. ಐದು ನಿಮಿಷದ ನಂತರ ಫೋನ್ ಬಂತು. "ಎಲ್ಲಿದ್ದೀಯ?" "ರೈಲಿನಲ್ಲೇ ಇದ್ದೇನೆ. ನೀವೆಲ್ಲಿ?" "ನಾನೂ ರೈಲಿನಲ್ಲೇ ಇದ್ದೇನೆ." ಕಿಟಕಿಯ ಹೊರಗೆ ಏನು ಕಾಣುತ್ತಿದೆ ಎಂದು ಪರಸ್ಪರ ಕೇಳಿಕೊಂಡ ಮೇಲೆಯೇ ಇಬ್ಬರ ಹೊಟ್ಟೆಯಲ್ಲೂ ಕಲ್ಲು ಬಿದ್ದದ್ದು. ಊಟದ ಚೀಲ ನನ್ನ ಬಳಿ ಇತ್ತು, ನೀರಿನ ಬಾಟಲಿ ಅವರ ಬಳಿ. ಟಿಟಿಜೇಗೇ ಹಿಂತಿರುಗಿ ಅಲ್ಲಿ ಸೇರೋಣ ಎಂದು ತೀರ್ಮಾನಿಸಿದೆವು. ಅವರು ಇಳಿದದ್ದು ಫೆಲ್ಡ್‌ಬೆರ್ಗ್-ಬೇರೆಂಟಾಲ್ ಎಂಬ ಪುಟ್ಟ ನಿಲ್ದಾಣದಲ್ಲಿ. ಸಮುದ್ರಮಟ್ಟದಿಂದ 967 ಮೀಟರ್ ಎತ್ತರದಲ್ಲಿರುವ ಅದು ಜರ್ಮನಿಯ ರಾಷ್ಟ್ರೀಯ ರೈಲ್ವೆಯ ಅತಿ ಎತ್ತರದ ಸ್ಟ್ಯಾಂಡರ್ಡ್ ಗೇಜ್ ಹಳಿಯ ನಿಲ್ದಾಣ ಎಂದು ಆಮೇಲೆ ತಿಳಿಯಿತು. ಸುಮಾರು ಒಂದು ಗಂಟೆಯ ಬಳಿಕ ಟಿಟಿಜೇಯ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಳಿತು ಚಪಾತಿ, ಆಲೂಗಡ್ಡೆ ಪಲ್ಯ ತಿಂದೆವು. ಕೆರೆ ನೋಡಿದ್ದು ಅಷ್ಟಕ್ಕಷ್ಟೇ. ಅಂದಿನಿಂದ ಇಂದಿನವರೆಗೆ ನಾವು ಯಾವ ರೈಲನ್ನೂ ಬೇರೆ ಬೇರೆ ಬಾಗಿಲಿನಿಂದ ಹತ್ತಿಲ್ಲ. ಪ್ರತಿ ಡಬ್ಬಿಯ ಹೊರಗೆ ಅದು ಎಲ್ಲಿಗೆ ಹೋಗುತ್ತದೆ ಎಂಬ ಫಲಕ ಇರುತ್ತದೆ. ರೈಲಿನ ತಲೆಯ ಮೇಲಿನ ಹೆಸರನ್ನು ನಂಬದೆ, ಹತ್ತುವ ಡಬ್ಬಿಯ ಹೆಸರನ್ನು ಓದಿಯೇ ಹತ್ತಬೇಕು.

ಈ ಪ್ರವಾಸಗಳ ಹುಚ್ಚು ನಮಗೆ ಹಿಡಿದದ್ದು ಅಗ್ಗದ ಟಿಕೆಟ್ಟಿನಿಂದ. ಇವರಿಗೆ ಕಾರ್ಲ್ಸ್‌ರೂಹೆಯಲ್ಲಿ ಕೆಲಸ ಸಿಕ್ಕಿತು. ನಾನು ಹಾಸನದ ಕಾಲೇಜಿನ ಪಾಠ ಬಿಟ್ಟು ಜೊತೆಗೆ ಬಂದೆ. ಸೋಮವಾರದಿಂದ ಶುಕ್ರವಾರದವರೆಗೆ ಇವರು ಬೆಳಿಗ್ಗೆ ಎಂಟಕ್ಕೆ ಹೊರಟರೆ ಮನೆ ಸೇರುವಾಗ ಸಂಜೆ ಏಳು. ಗೋಡೆಯ ಆಚೆ ಯಾರಿದ್ದಾರೆಂದೂ ಗೊತ್ತಿಲ್ಲದ ಕಟ್ಟಡದಲ್ಲಿ ದಿನವಿಡೀ ನಾನೊಬ್ಬಳೇ. ಅದೇ ಬೇಸಿಗೆಯಲ್ಲಿ, 2022ರ ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು, ಇಡೀ ದೇಶದ ಸ್ಥಳೀಯ ರೈಲು, ಟ್ರಾಮ್, ಬಸ್ಸುಗಳಲ್ಲಿ ಓಡಾಡಲು ತಿಂಗಳಿಗೆ ಕೇವಲ 9 ಯೂರೋ ಎಂದು ಸರ್ಕಾರ ಘೋಷಿಸಿತ್ತು. ಮೂರು ತಿಂಗಳಲ್ಲಿ ನಾವು ಒಂದೇ ಒಂದು ಭಾನುವಾರ ಮನೆಯಲ್ಲಿದ್ದೆವು.

ಆ ಯೋಜನೆ ಮುಗಿದ ಮೇಲೆ, ಒಂದು ರಾಜ್ಯದೊಳಗೆ ದಿನವಿಡೀ ಓಡಾಡಲು ಬಿಡುವ ಬಾಡೆನ್-ವ್ಯುರ್ಟೆಂಬೆರ್ಗ್ ಟಿಕೆಟ್ ಕೊಳ್ಳುತ್ತಿದ್ದೆವು. ಒಂದೇ ಟಿಕೆಟ್ಟಿನಲ್ಲಿ ಐದು ಜನರವರೆಗೆ ಹೋಗಬಹುದು, ವಾರಾಂತ್ಯದಲ್ಲಿ ಅದು ಮಧ್ಯರಾತ್ರಿಯಿಂದಲೇ ನಡೆಯುತ್ತದೆ. 2023ರ ಮೇ 1ರಿಂದ ದೇಶಕ್ಕೆಲ್ಲ ಅನ್ವಯಿಸುವ ಡಾಯ್ಚ್‌ಲಾಂಡ್ ಟಿಕೆಟ್ ಬಂತು. ಮೊದಲು ತಿಂಗಳಿಗೆ 49 ಯೂರೋ ಇತ್ತು, 2025ರ ಜನವರಿಯಲ್ಲಿ 58 ಆಯಿತು, 2026ರಲ್ಲಿ 63. ಇವರು ಕಚೇರಿಗೆ, ನಾನು ಜರ್ಮನ್ ತರಗತಿಗೆ ಹೋಗಲು ಹೇಗೂ ತಿಂಗಳ ಪಾಸ್ ಬೇಕಿತ್ತು. ಆದ್ದರಿಂದ ಭಾನುವಾರದ ರೈಲು ನಮ್ಮ ಲೆಕ್ಕದಲ್ಲಿ ಬಿಟ್ಟಿ. ಒಂದು ಎಚ್ಚರಿಕೆ ಹೇಳಲೇಬೇಕು. ಈ ಟಿಕೆಟ್ ಐಸಿಇ, ಐಸಿ ಎಂದು ಬರೆದಿರುವ ವೇಗದ ರೈಲುಗಳಲ್ಲಿ ನಡೆಯುವುದಿಲ್ಲ. ಆರ್‌ಇ, ಆರ್‌ಬಿ, ಎಸ್ ಎಂದಿರುವ ರೈಲುಗಳಿಗೆ ಮಾತ್ರ. ಎರಡೂ ಬಗೆಯವು ಒಂದೇ ಪ್ಲಾಟ್‌ಫಾರ್ಮಿಗೆ ಹತ್ತು ನಿಮಿಷದ ಅಂತರದಲ್ಲಿ ಬರುವುದುಂಟು. ಸರಿಯಾದ ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೋ.

ಭಾನುವಾರವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಹಾಲು, ತರಕಾರಿ, ಅಕ್ಕಿ ಎಲ್ಲವನ್ನೂ ಶನಿವಾರವೇ ತಂದಿಟ್ಟುಕೊಳ್ಳಬೇಕು. ಶನಿವಾರ ಬೆಳಿಗ್ಗೆ ಮನೆಗೆಲಸ, ಸಂಜೆ ಮರುದಿನದ ಬುತ್ತಿಯ ತಯಾರಿ. ಪುಟ್ಟ ಊರುಗಳಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಚೀಸ್ ಹಾಕಿದ ಬ್ರೆಡ್ಡು ಮತ್ತು ಕರಿದ ಆಲೂಗಡ್ಡೆ, ಅದೂ ಹೋಟೆಲ್ ತೆರೆದಿದ್ದರೆ. ಅದಕ್ಕೇ ಬೇಸಿಗೆಯಲ್ಲಿ ಪುಳಿಯೋಗರೆ, ಚಳಿಗಾಲದಲ್ಲಿ ಚಪಾತಿ ಪಲ್ಯ, ಜೊತೆಗೊಂದು ಫ್ಲಾಸ್ಕ್ ಕಾಫಿ. ಶೌಚಾಲಯಕ್ಕೆ ಬೇಕಾಗುವ ಒಂದು ಯೂರೋ, ಐವತ್ತು ಸೆಂಟಿನ ನಾಣ್ಯಗಳಿಗೆ ಚೀಲದಲ್ಲಿ ಪ್ರತ್ಯೇಕ ಡಬ್ಬಿಯೇ ಇದೆ.

ಮೊದಲ ವರ್ಷ ಒಂದೇ ದಿನ ಎರಡು ಮೂರು ಊರು ನೋಡುವ ಆತುರವಿತ್ತು. ಹೈಡೆಲ್‌ಬೆರ್ಗ್ ಮುಗಿಸಿ ಮಾನ್‌ಹೈಮ್‌ಗೆ ಓಡುವುದು, ಅಲ್ಲಿಂದ ಸ್ಪೆಯರ್‌ಗೆ ಹಾರುವುದು. ಮನೆಗೆ ಬಂದಾಗ ಕಾಲುನೋವು ಬಿಟ್ಟು ಬೇರೇನೂ ನೆನಪಿರುತ್ತಿರಲಿಲ್ಲ. ಈಗ ದಿನಕ್ಕೆ ಒಂದೇ ಊರು. ಹೋಗಲು ಎರಡೂವರೆ ಗಂಟೆಗಿಂತ ಹೆಚ್ಚು ಹಿಡಿಯಬಾರದು, ದಾರಿಯಲ್ಲಿ ಒಮ್ಮೆಗಿಂತ ಹೆಚ್ಚು ರೈಲು ಬದಲಿಸುವಂತಿರಬಾರದು, ಬದಲಿಸುವಲ್ಲಿ ಕನಿಷ್ಠ ಹದಿನೈದು ನಿಮಿಷ ಬಿಡುವಿರಬೇಕು. ಮೊಬೈಲ್ ಆ್ಯಪ್ ಐದು ನಿಮಿಷದ ಅಂತರವನ್ನೂ ಧಾರಾಳವಾಗಿ ತೋರಿಸುತ್ತದೆ. ಅದನ್ನು ನಂಬಿ ಒಮ್ಮೆ ದಾರಿಯ ನಿಲ್ದಾಣವೊಂದರಲ್ಲಿ ನವೆಂಬರಿನ ಮಳೆಗಾಳಿಯಲ್ಲಿ ಒಂದು ಗಂಟೆ ನಿಂತಿದ್ದೇವೆ. ಹಿಂತಿರುಗಲು ಕೊನೆಯ ರೈಲಿಗೆ ಎಂದೂ ಕಾಯುವುದಿಲ್ಲ, ಅದಕ್ಕಿಂತ ಎರಡು ರೈಲು ಮೊದಲೇ ಹೊರಡುತ್ತೇವೆ. ಹಳಿ ದುರಸ್ತಿ ಹೆಚ್ಚಾಗಿ ವಾರಾಂತ್ಯದಲ್ಲೇ ನಡೆಯುತ್ತದೆ. ಆಗ ರೈಲಿನ ಬದಲು ಬಸ್ ಬಿಡುತ್ತಾರೆ. ಬಸ್ಸಿನಲ್ಲಿ ದಾರಿ ಇಮ್ಮಡಿ ಹೊತ್ತು ಹಿಡಿಯುತ್ತದೆ. ಶುಕ್ರವಾರ ರಾತ್ರಿ ಒಮ್ಮೆ, ಭಾನುವಾರ ಹೊರಡುವ ಮೊದಲು ಒಮ್ಮೆ ನೋಡಿಕೊಳ್ಳುತ್ತೇವೆ. ದುರಸ್ತಿ ಇದ್ದರೆ ಆ ದಿಕ್ಕನ್ನೇ ಕೈಬಿಡುತ್ತೇವೆ.

ಇಷ್ಟೆಲ್ಲ ಊರುಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಒಂದು ಊರಲ್ಲ, ಒಂದು ರೈಲುದಾರಿ. ಕಾರ್ಲ್ಸ್‌ರೂಹೆಯಿಂದ ಕಾನ್‌ಸ್ಟಾನ್ಸ್‌ಗೆ ಹೋಗುವ ರೈಲು ಓಫನ್‌ಬುರ್ಗ್‌ನಲ್ಲಿ ಬಯಲನ್ನು ಬಿಟ್ಟು ಬ್ಲ್ಯಾಕ್ ಫಾರೆಸ್ಟ್‌ನೊಳಗೆ ತಿರುಗುತ್ತದೆ. ಹೌಸಾಖ್ ದಾಟುವವರೆಗೂ ಹೊಳೆಯ ದಂಡೆಯಲ್ಲೇ ಸಾಗುತ್ತದೆ. ಹೋರ್ನ್‌ಬೆರ್ಗ್ ಬಂದೊಡನೆ ಘಾಟಿ ಶುರು. ನಾನು ಸಕಲೇಶಪುರದವಳು. ಮಂಗಳೂರಿನಲ್ಲಿ ಓದುವಾಗ ಸುಬ್ರಹ್ಮಣ್ಯ ರಸ್ತೆಯವರೆಗಿನ 57 ಸುರಂಗಗಳನ್ನು ಬಾಗಿಲ ಬಳಿ ನಿಂತು ಎಣಿಸಿದವಳು. ಮೊದಲ ಸಲ ಇಲ್ಲಿ ರೈಲು ಕತ್ತಲೆಗೆ ನುಗ್ಗಿ, ಹೊರಬಂದು, ಹಸಿರು ಕಣಿವೆಯನ್ನು ಒಂದು ಕ್ಷಣ ತೋರಿಸಿ, ಮತ್ತೆ ಕತ್ತಲೆಗೆ ನುಗ್ಗಿದಾಗ ಗಂಟಲು ಕಟ್ಟಿತು. ಮನೆಗೆ ಬಂದು ಓದಿದಾಗ ಇನ್ನೂ ಆಶ್ಚರ್ಯ. ನಮ್ಮ ಘಾಟಿಯ ಏರು 50ಕ್ಕೆ 1, ಎಂದರೆ ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಮೇಲಕ್ಕೆ. ಈ ದಾರಿಯ ಅತಿ ಹೆಚ್ಚಿನ ಏರೂ ಅಷ್ಟೇ.

ಇದನ್ನು ರೂಪಿಸಿದವನು ರೋಬೆರ್ಟ್ ಗೆರ್ವಿಗ್ ಎಂಬ ಎಂಜಿನಿಯರ್, ಕಾರ್ಲ್ಸ್‌ರೂಹೆಯಲ್ಲೇ ಹುಟ್ಟಿದವನು. 1863ರಲ್ಲಿ ಶುರುವಾದ ಕೆಲಸ 1873ರಲ್ಲಿ ಮುಗಿಯಿತು. ಹೋರ್ನ್‌ಬೆರ್ಗ್‌ನಿಂದ ಸಾಂಕ್ಟ್ ಗೇಯೋರ್ಗೆನ್‌ಗೆ ಹಕ್ಕಿ ಹಾರಿದರೆ 11 ಕಿಲೋಮೀಟರ್, ರೈಲು ಸುತ್ತುವುದು 26 ಕಿಲೋಮೀಟರ್. ಇನ್ನೂ ಸುಲಭವಾದ ದಾರಿ ಒಂದಿತ್ತಂತೆ. ಆದರೆ ಅದು ಪಕ್ಕದ ವ್ಯುರ್ಟೆಂಬೆರ್ಗ್ ರಾಜ್ಯದ ನೆಲದ ಮೇಲೆ ಹೋಗುತ್ತಿತ್ತು. ಬಾಡೆನ್ ಸಂಸ್ಥಾನಕ್ಕೆ ತನ್ನ ರೈಲು ತನ್ನ ಗಡಿಯೊಳಗೇ ಇರಬೇಕಿತ್ತು. ಹಾಗಾಗಿ ಗೆರ್ವಿಗ್ ಬೆಟ್ಟದ ಮೈಯಲ್ಲೇ ಹಳಿಯನ್ನು ಎರಡು ಸಲ ಬಳಸಿ, ಸುರುಳಿ ಸುತ್ತಿಸಿ ಮೇಲಕ್ಕೆ ಒಯ್ದ. ಒಟ್ಟು 39 ಸುರಂಗಗಳು. ಸುರುಳಿಯಲ್ಲಿ ರೈಲು ತಿರುಗುವಾಗ ಎಡಕ್ಕಿದ್ದ ಕಣಿವೆ ಬಲಕ್ಕೆ ಬರುತ್ತದೆ, ಆಗಷ್ಟೇ ದಾಟಿಬಂದ ಹಳಿ ಕೆಳಗಡೆ ದಾರದಂತೆ ಕಾಣುತ್ತದೆ. ಯಾವ ಬದಿಯ ಕಿಟಕಿ ಒಳ್ಳೆಯದು ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟೇ: ಹೋರ್ನ್‌ಬೆರ್ಗ್ ಬಂದ ಮೇಲೆ ಕುಳಿತುಕೊಳ್ಳಬೇಡಿ.

ಟ್ರಿಬೆರ್ಗ್‌ನಲ್ಲಿ ಇಳಿದರೆ ಊರು ಮೇಲೆ, ನಿಲ್ದಾಣ ಕೆಳಗೆ. ಬಸ್ ಉಂಟು, ನಾವು ನಡೆದೆವು. ಅಲ್ಲಿನ ಜಲಪಾತ 163 ಮೀಟರಿನಷ್ಟನ್ನು ಏಳು ಮೆಟ್ಟಿಲುಗಳಲ್ಲಿ ಇಳಿಯುತ್ತದೆ. ಜೋಗದ 253 ಮೀಟರಿನ ಒಂದೇ ನೆಗೆತವನ್ನು ಕಂಡ ಕಣ್ಣಿಗೆ ಅದು ಕಾಡಿನ ಹಳ್ಳವೊಂದು ಬಂಡೆಗಳ ನಡುವೆ ಆಡುತ್ತಾ ಇಳಿದಂತೆ ತೋರಿತು. ಫರ್ ಮರಗಳ ನೆರಳಿನಲ್ಲಿ ಅದರ ಪಕ್ಕದ ದಾರಿ ಹತ್ತುವುದು ಹಿತವಾಗಿತ್ತು, ಅಷ್ಟೇ. ಕೋಗಿಲೆ ಗಡಿಯಾರದ ಅಂಗಡಿಗಳು ಭಾನುವಾರವೂ ತೆರೆದಿದ್ದವು. ನಾವು ಮತ್ತೆ ಮತ್ತೆ ಆ ಕಡೆ ಹೋಗುವುದು ರೈಲಿಗಾಗಿಯೇ.

ಇನ್ನೊಂದು ದಿಕ್ಕು ಫ್ರಾನ್ಸ್. ಕಾರ್ಲ್ಸ್‌ರೂಹೆಯಿಂದ ರೈನ್ ನದಿ ದಾಟಿ ವಿಂಡೆನ್ ಎಂಬ ನಿಲ್ದಾಣದಲ್ಲಿ ರೈಲು ಬದಲಿಸಿದರೆ, ದ್ರಾಕ್ಷಿತೋಟಗಳ ನಡುವೆ ವಿಸ್ಸೆಂಬರ್ಗ್‌ಗೆ ಹೋಗಬಹುದು. ಊರು ಫ್ರಾನ್ಸಿನದಾದರೂ ಡಾಯ್ಚ್‌ಲಾಂಡ್ ಟಿಕೆಟ್ ಅಲ್ಲಿಯವರೆಗೆ ನಡೆಯುತ್ತದೆ. ಗಡಿ ದಾಟಿದ್ದು ಗೊತ್ತಾಗುವುದು ಮೊಬೈಲಿಗೆ ಬರುವ ಸ್ವಾಗತದ ಸಂದೇಶದಿಂದ. ಆದರೂ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಕಾರ್ಡ್ ಮನೆಯಲ್ಲಿ ಬಿಟ್ಟು ಹೋಗಬೇಡಿ. 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಶುರುಮಾಡಿದೆ.

ಲೌಟರ್ ಎಂಬ ಸಣ್ಣ ಹೊಳೆ ವಿಸ್ಸೆಂಬರ್ಗ್‌ನ ಮನೆಗಳ ಹಿತ್ತಿಲನ್ನು ಸವರಿಕೊಂಡು ಹರಿಯುತ್ತದೆ. 1870ರ ಆಗಸ್ಟ್ 4ರಂದು ಫ್ರಾನ್ಸ್ ಮತ್ತು ಪ್ರಷ್ಯಾಗಳ ಯುದ್ಧದ ಮೊದಲ ದೊಡ್ಡ ಕಾಳಗಗಳಲ್ಲೊಂದು ಇಲ್ಲಿಯೇ ನಡೆಯಿತು. ಆಮೇಲೆ ಈ ಸೀಮೆ ಜರ್ಮನಿಗೆ ಸೇರಿತು, ಫ್ರಾನ್ಸಿಗೆ ಮರಳಿತು, ಮತ್ತೆ ಕೈಬದಲಾಯಿತು. ಬೀದಿಯ ಫಲಕ ಫ್ರೆಂಚ್, ಮನೆಯ ಮರದ ಚೌಕಟ್ಟು ಜರ್ಮನ್, ಬೇಕರಿಯ ಅಜ್ಜಿ ಎರಡನ್ನೂ ಬೆರೆಸಿ ಮಾತನಾಡುತ್ತಾರೆ. ನನ್ನ ತರಗತಿಯ ಶಿಕ್ಷಕಿ ಹೇಳಿದ್ದರಿಂದ ನಾನು ಹುಡುಕಿಕೊಂಡು ಹೋದದ್ದು ಒಬ್ಬ ಸನ್ಯಾಸಿಯ ಊರನ್ನು. ಓಟ್‌ಫ್ರಿಡ್ ಎಂಬಾತ ಒಂಬತ್ತನೆಯ ಶತಮಾನದಲ್ಲಿ ಇಲ್ಲಿನ ಮಠದಲ್ಲಿದ್ದ. ಎಲ್ಲರೂ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದಾಗ ತನ್ನ ಜನರ ಆಡುನುಡಿಯಲ್ಲಿ, ಅಂತ್ಯಪ್ರಾಸವಿಟ್ಟು ಕ್ರಿಸ್ತನ ಕಥೆ ಬರೆದ. ನಮ್ಮ ಜನ ತಮ್ಮ ಮಾತಿನಲ್ಲಿ ದೇವರನ್ನು ಏಕೆ ಹಾಡಬಾರದು ಎಂದು ಕೇಳಿದ. ಅದೇ ಕಾಲಕ್ಕೆ ಮಳಖೇಡದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ, ಅವನ ಆಸ್ಥಾನದಲ್ಲಿ ಕನ್ನಡದ ಕಾವ್ಯಮಾರ್ಗದ ಚರ್ಚೆ ನಡೆಯುತ್ತಿತ್ತು. ಸಂತ ಪೀಟರ್ ಮತ್ತು ಪಾಲ್ ಚರ್ಚಿನ ಹಳೆಯ ಕಲ್ಲುಗಳ ಎದುರು ನಿಂತು ಇದನ್ನು ಇವರಿಗೆ ಹೇಳುತ್ತಾ ಹೋದೆ. ಪಾಠ ಮಾಡುವುದು ಬಿಟ್ಟು ಎರಡು ವರ್ಷವಾಗಿತ್ತು. "ನಿನ್ನ ಧ್ವನಿ ಹಾಸನದಲ್ಲಿದ್ದ ಹಾಗೆ ಕೇಳಿಸಿತು" ಎಂದರು ಇವರು. ಆ ವಾರವೇ ನಾನು ಇಲ್ಲಿ ಪಾಠ ಹೇಳಲು ಏನೇನು ಪರೀಕ್ಷೆ ಬೇಕು ಎಂದು ವಿಚಾರಿಸತೊಡಗಿದ್ದು.

ಸ್ಟ್ರಾಸ್‌ಬರ್ಗ್‌ಗೆ ಮಾತ್ರ ಶನಿವಾರ ಹೋಗುತ್ತೇವೆ, ಅಂಗಡಿಗಳು ತೆರೆದಿರುತ್ತವೆ. ನಮ್ಮ ಟಿಕೆಟ್ ಗಡಿಯ ಕೇಲ್ ಊರಿನವರೆಗೆ ನಡೆಯುತ್ತದೆ, ಅಲ್ಲಿಂದ ರೈನ್ ಸೇತುವೆ ದಾಟುವ ಟ್ರಾಮಿಗೆ ಬೇರೆ ಟಿಕೆಟ್. 142 ಮೀಟರ್ ಎತ್ತರದ ಅಲ್ಲಿನ ಕೆಥೆಡ್ರಲ್ 1647ರಿಂದ 1874ರವರೆಗೆ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು. ಒಳಗಿನ ಖಗೋಳ ಗಡಿಯಾರದಲ್ಲಿ ಮಧ್ಯಾಹ್ನ 12.30ಕ್ಕೆ ಶಿಷ್ಯರ ಬೊಂಬೆಗಳು ಸಾಲಾಗಿ ಹಾದುಹೋಗುವುದನ್ನು ನೋಡಲು ಬೇಗ ಹೋಗಿ ನಿಲ್ಲಬೇಕು. ಸ್ಪೆಯರ್‌ನ ಕೆಂಪು ಕಲ್ಲಿನ ಕೆಥೆಡ್ರಲ್‌ಗೆ ಬಿಸಿಲು ಕಾಯುವ ಜುಲೈನಲ್ಲಿ ಹೋಗಿ, ಚಕ್ರವರ್ತಿಗಳ ಸಮಾಧಿಗಳಿರುವ ನೆಲಮಾಳಿಗೆಯ ತಂಪಿನಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ.

ಕಳೆದ ಜನವರಿಯಲ್ಲಿ ಮತ್ತೆ ಟ್ರಿಬೆರ್ಗ್ ರೈಲು ಹತ್ತಿದೆವು. ರಾತ್ರಿಯೆಲ್ಲ ಹಿಮ ಬಿದ್ದಿತ್ತು, ಹೌಸಾಖ್‌ನಿಂದಲೇ ಕಣಿವೆ ಬೆಳ್ಳಗಿತ್ತು. ಊರಿನಲ್ಲಿ ಆಗ ಸಂಜೆ. ಅಪ್ಪನಿಗೆ ವಿಡಿಯೊ ಕರೆ ಮಾಡಿ ಫೋನನ್ನು ಕಿಟಕಿಗೆ ಹಿಡಿದೆ. ಹೋರ್ನ್‌ಬೆರ್ಗ್ ದಾಟಿದ ಮೇಲೆ ಪ್ರತಿ ಸುರಂಗಕ್ಕೂ ಕರೆ ತುಂಡಾಗುತ್ತಿತ್ತು, ಹೊರಬಂದೊಡನೆ ಅಪ್ಪನೇ ಮತ್ತೆ ಮಾಡುತ್ತಿದ್ದರು. ಏಳೆಂಟು ಸಲ ಹೀಗೇ ಆದ ಮೇಲೆ, "ಈಗ ಎಷ್ಟನೆಯದಮ್ಮ?" ಎಂದು ಕೇಳಿದರು. ಹಿಮ ನೋಡುತ್ತಾ ನಾನು ಎಣಿಸುವುದನ್ನೇ ಮರೆತಿದ್ದೆ. ಎದುರಿನ ಕಿಟಕಿಯ ಬಳಿ ನಿಂತಿದ್ದ ಇವರು ತಿರುಗದೆಯೇ, "ಹನ್ನೊಂದು, ಮಾವ" ಎಂದರು.