ಹಳೆಯ ಪಿಎಸ್‌ಪಿ ಕೈಗೆ ಬಂದರೆ ಮೊದಲು ಯಾವ ಆಟ ಆಡಬೇಕು?

ದಸರಾ ರಜೆಗೆ ಮಂಡ್ಯದಿಂದ ಮೈಸೂರಿಗೆ ಬಂದ ಅಕ್ಕನ ಮಗ ಚೀಲದಿಂದ, ಕೈಯಲ್ಲಿ ಹಿಡಿದು ಆಡುವ ಸೋನಿ ಕಂಪನಿಯ ಆಟದ ಯಂತ್ರವಾದ ಒಂದು ಪಿಎಸ್‌ಪಿ ತೆಗೆದು ನನ್ನ ಮುಂದಿಟ್ಟ. ಅವನ ಚಿಕ್ಕಪ್ಪ ಕಾಲೇಜು ದಿನಗಳಲ್ಲಿ ಆಡುತ್ತಿದ್ದ ಯಂತ್ರ ಅದು. ಹುಡುಗ ಅದನ್ನು ಯಾವುದೋ ಅಂಗಡಿಯಲ್ಲಿ ಕೊಟ್ಟು ಇನ್ನೂರಕ್ಕೂ ಹೆಚ್ಚು ಆಟಗಳನ್ನು ತುಂಬಿಸಿಕೊಂಡಿದ್ದ. "ಮಾವ, ಇದರಲ್ಲಿ ಆಡುವಂಥದ್ದು ಒಂದೂ ಇಲ್ಲ" ಎಂದ. ಪಟ್ಟಿಯನ್ನು ನೋಡಿದೆ. ಆ ಯಂತ್ರಕ್ಕೆ ಬಂದ ಒಳ್ಳೆಯ ಆಟಗಳೆಲ್ಲ ಅಲ್ಲೇ ಇದ್ದವು. ಪ್ರತಿಯೊಂದನ್ನೂ ಐದೈದು ನಿಮಿಷ ಆಡಿ ಬಿಟ್ಟಿದ್ದ, ಅಷ್ಟೇ.

ಪರಿಚಯದವರ ಮನೆಗಳಲ್ಲಿ ಇದೇ ತಪ್ಪನ್ನು ನಾಲ್ಕೈದು ಸಲ ಕಂಡಿದ್ದೇನೆ. ಬೀರುವಿನಿಂದ ಯಂತ್ರ ಹೊರಬರುತ್ತದೆ, ಸಿಕ್ಕಿದ್ದನ್ನೆಲ್ಲ ತುಂಬುತ್ತಾರೆ, ಟಿವಿಯ ದೊಡ್ಡ ಪರದೆಯಲ್ಲಿ ಹೆಸರು ಮಾಡಿದ ಆಟದಿಂದಲೇ ಶುರು ಮಾಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಯಂತ್ರ ಮತ್ತೆ ಬೀರು ಸೇರುತ್ತದೆ. ಯಾವ ಆಟ ಎನ್ನುವುದರಷ್ಟೇ ಯಾವ ಕ್ರಮದಲ್ಲಿ ಎನ್ನುವುದೂ ಮುಖ್ಯ. ಅದನ್ನು ಹೇಳುವುದಕ್ಕೇ ಈ ಲೇಖನ.

ಮೊದಲು ಬ್ಯಾಟರಿ

ಹಿಂಬದಿಯ ಮುಚ್ಚಳ ಸಮತಟ್ಟಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಉಬ್ಬಿಕೊಂಡಿದ್ದರೆ ಚಾರ್ಜರ್ ಹಾಕಲೇಬೇಡಿ. ಬ್ಯಾಟರಿಯನ್ನು ಹೊರತೆಗೆದು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಚುಚ್ಚುವುದು, ಒತ್ತಿ ಕೂರಿಸುವುದು ಖಂಡಿತ ಬೇಡ. ಹೊಸ ಬ್ಯಾಟರಿ ಕೊಳ್ಳುವಾಗ ಒಂದು ಲೆಕ್ಕ ನೆನಪಿರಲಿ: 1000 ಮಾದರಿಯ ದಪ್ಪ ಯಂತ್ರಕ್ಕೆ ಕಂಪನಿ ಕೊಡುತ್ತಿದ್ದದ್ದು 1800 ಎಂಎಎಚ್, ತೆಳ್ಳಗಿನ 2000 ಮತ್ತು 3000 ಮಾದರಿಗಳಿಗೆ 1200. ಅದೇ ಗಾತ್ರದ ಬ್ಯಾಟರಿಯ ಮೇಲೆ 3600 ಎಂದು ಅಚ್ಚಾಗಿದ್ದರೆ ಅದನ್ನು ಮುಟ್ಟಬೇಡಿ. ಅಂಥದ್ದೊಂದನ್ನು ಕೊಂಡು ನೋಡಿದ್ದೇನೆ, ಒಂದು ಗಂಟೆಯೂ ಬಾಳಲಿಲ್ಲ.

ಮೆಮೊರಿ ಸ್ಟಿಕ್

ಆಟ ಎಲ್ಲಿಯವರೆಗೆ ಬಂತು ಎನ್ನುವುದನ್ನು ಉಳಿಸಿಡಲು ಮೆಮೊರಿ ಸ್ಟಿಕ್ ಪ್ರೊ ಡ್ಯುಯೊ ಕಾರ್ಡ್ ಬೇಕು. ಈಗ ಬಹುತೇಕರು ಮೈಕ್ರೊ ಎಸ್‌ಡಿ ಕಾರ್ಡನ್ನು ಒಂದು ಅಡಾಪ್ಟರಿಗೆ ಸೇರಿಸಿ ಬಳಸುತ್ತಾರೆ, ಅದು ಸಾಕು. ಕಾರ್ಡನ್ನು ಕಂಪ್ಯೂಟರಿನ ಬದಲು ಪಿಎಸ್‌ಪಿಯ ಸೆಟ್ಟಿಂಗ್ಸ್‌ನಲ್ಲೇ ಫಾರ್ಮ್ಯಾಟ್ ಮಾಡಿ. ಆದರೆ ಯಂತ್ರದ ಜೊತೆಗೇ ಬಂದ ಹಳೆಯ ಕಾರ್ಡನ್ನು ಮಾತ್ರ ಈಗಲೇ ಅಳಿಸಬೇಡಿ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಡಿಸ್ಕ್

ಪಿಎಸ್‌ಪಿಯ ಆಟಗಳು ಯುಎಂಡಿ ಎಂಬ ಪುಟ್ಟ ಡಿಸ್ಕ್‌ಗಳಲ್ಲಿ ಬರುತ್ತಿದ್ದವು, ಒಂದರಲ್ಲಿ 1.8 ಜಿಬಿ ಹಿಡಿಯುತ್ತದೆ. ಯಂತ್ರದಿಂದಲೇ ಆಟ ಕೊಳ್ಳುವ ವ್ಯವಸ್ಥೆ 2021ರ ಜುಲೈನಲ್ಲಿ ನಿಂತಿತು. ಹಾಗಾಗಿ ಹಳೆಯ ಡಿಸ್ಕ್ ಹುಡುಕುವುದೇ ದಾರಿ. ಆಟದ ಡಿಸ್ಕ್‌ಗಳಿಗೆ ದೇಶದ ಕಟ್ಟುಪಾಡಿಲ್ಲ. ಜಪಾನಿನದೂ ಓಡುತ್ತದೆ, ಭಾಷೆ ಮಾತ್ರ ಜಪಾನಿ ಇದ್ದೀತು. ಕೊಳ್ಳುವ ಮುನ್ನ ಡಿಸ್ಕಿನ ಪ್ಲಾಸ್ಟಿಕ್ ಕವಚವನ್ನು ಬೆಳಕಿಗೆ ಹಿಡಿದು ಅಂಚನ್ನು ಪರೀಕ್ಷಿಸಿ. ಎರಡು ಹೋಳುಗಳನ್ನು ಅಂಟಿಸಿ ಮಾಡಿದ ಕವಚ ಅದು, ವರ್ಷಗಳು ಕಳೆದಂತೆ ಬಿಟ್ಟುಕೊಳ್ಳುತ್ತದೆ. ಒಳಗಿನ ಡಿಸ್ಕ್ ಚೆನ್ನಾಗಿದ್ದರೆ ಕವಚವನ್ನಷ್ಟೇ ಬದಲಿಸಬಹುದು.

ಅಂಗಡಿಯವರು ಕಾರ್ಡಿನಲ್ಲಿ ರಾಶಿಯಾಗಿ ತುಂಬಿಕೊಡುವ ನಕಲು ಆಟಗಳನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಅವು ಕಾನೂನುಬಾಹಿರ ಎನ್ನುವುದು ಒಂದು ಕಾರಣ. ಇನ್ನೂರು ಆಟಗಳ ಪಟ್ಟಿ ಎದುರಿಗಿದ್ದರೆ ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ. ಒಂದೇ ಡಿಸ್ಕ್ ಹಾಕಿಕೊಂಡು ರೈಲು ಹತ್ತಿದವನು ಅದನ್ನೇ ಆಡುತ್ತಾನೆ.

ಈಗ ಆಟದ ಆಯ್ಕೆ

ಜನ ಎಡವುವುದು ಇಲ್ಲಿ. ಪಿಎಸ್‌ಪಿ ಜಪಾನಿನಲ್ಲಿ ಬಿಡುಗಡೆಯಾದದ್ದು 2004ರ ಡಿಸೆಂಬರ್ 12ರಂದು. ಪರದೆ 4.3 ಇಂಚು. ಈಗಿನ ನಿಯಂತ್ರಕಗಳಲ್ಲಿ ಎರಡು ಅನಲಾಗ್ ಕಡ್ಡಿಗಳಿದ್ದರೆ ಇದರಲ್ಲಿ ಎಡಗೈ ಹೆಬ್ಬೆರಳಿಗೆ ಸಿಗುವ ಒಂದೇ ಒಂದು ಪುಟ್ಟ ಬಿಲ್ಲೆ ಇದೆ. ಬಲಗಡೆ ಅಂಥದ್ದಿಲ್ಲ. ಎಂದರೆ, ಪಾತ್ರವನ್ನು ನಡೆಸುತ್ತಲೇ ಕ್ಯಾಮೆರಾವನ್ನೂ, ಅಂದರೆ ಪರದೆಯಲ್ಲಿ ಕಾಣುವ ನೋಟದ ದಿಕ್ಕನ್ನೂ, ತಿರುಗಿಸಬೇಕಾದ ಆಟಗಳಲ್ಲಿ ಕೈ ಕಟ್ಟಿಹಾಕಿದಂತಾಗುತ್ತದೆ. ಮಾನ್‌ಸ್ಟರ್ ಹಂಟರ್ ಆಡುವವರು ಎಡಗೈ ತೋರುಬೆರಳನ್ನು ಉಗುರಿನಂತೆ ಬಾಗಿಸಿ ದಿಕ್ಕಿನ ಬಟನ್‌ಗಳ ಮೇಲಿಟ್ಟು ಕ್ಯಾಮೆರಾ ತಿರುಗಿಸುತ್ತಿದ್ದರು. ಅದೊಂದು ಅದ್ಭುತ ಆಟ. ಆದರೆ ಮೊದಲ ತಿಂಗಳಲ್ಲಿ ಬೇಡ, ಬೆರಳು ನೋಯುತ್ತದೆ. ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ ಲಿಬರ್ಟಿ ಸಿಟಿ ಸ್ಟೋರೀಸ್ ಆಟವನ್ನೂ ಹಾಗೆಯೇ ಮುಂದಕ್ಕೆ ಇಟ್ಟುಕೊಳ್ಳಿ. ಅಕ್ಕನ ಮಗ ಶುರು ಮಾಡಿದ್ದೇ ಅದರಿಂದ.

ನನ್ನ ಕ್ರಮ ಹೀಗಿದೆ. ಮೊದಲು ಲೋಕೊರೋಕೊ. 2006ರ ಆಟ. ಇದರಲ್ಲಿ ಪಾತ್ರವನ್ನು ನಡೆಸುವುದೇ ಇಲ್ಲ, ನೆಲವನ್ನೇ ವಾಲಿಸುತ್ತೀರಿ. ಮೇಲಂಚಿನ ಎಲ್ ಬಟನ್ ಒತ್ತಿದರೆ ಲೋಕ ಎಡಕ್ಕೆ ವಾಲುತ್ತದೆ, ಆರ್ ಒತ್ತಿದರೆ ಬಲಕ್ಕೆ, ಎರಡನ್ನೂ ಒತ್ತಿ ಬಿಟ್ಟರೆ ಹಳದಿ ಉಂಡೆ ನೆಗೆಯುತ್ತದೆ. ಐದು ವರ್ಷದ ಮಗುವೂ ಆಡಬಹುದು. ಯಂತ್ರದ ಭುಜದ ಬಟನ್‌ಗಳು ಸರಿಯಾಗಿವೆಯೇ ಎಂಬ ಪರೀಕ್ಷೆಯೂ ಆಗಿಬಿಡುತ್ತದೆ.

ಎರಡನೆಯದು ಪಟಪಾನ್. ನನ್ನನ್ನು ಕೇಳಿದರೆ ಪಿಎಸ್‌ಪಿ ಇರುವುದೇ ಈ ಆಟಕ್ಕಾಗಿ. ಅತಿ ಹೆಚ್ಚು ಜನ ಅರ್ಧಕ್ಕೆ ಕೈಬಿಡುವುದೂ ಇದನ್ನೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇದರಲ್ಲಿ ನೀವು ಡೋಲು ಬಾರಿಸುವವರು. ಕಣ್ಣೊಂದೇ ಇರುವ ಪುಟ್ಟ ಸೈನಿಕರ ದಂಡು ನಿಮ್ಮ ಪೆಟ್ಟಿಗೆ ತಕ್ಕಂತೆ ನಡೆಯುತ್ತದೆ. ಚೌಕದ ಬಟನ್ ಒತ್ತಿದರೆ 'ಪಟ' ಎಂಬ ಪೆಟ್ಟು, ವೃತ್ತಕ್ಕೆ 'ಪಾನ್', ತ್ರಿಕೋನಕ್ಕೆ 'ಚಕ', ಇಂಟು ಗುರುತಿಗೆ 'ಡಾನ್'. ಪಟ ಪಟ ಪಟ ಪಾನ್ ಎಂದು ಬಾರಿಸಿದರೆ ದಂಡು ಮುಂದೆ ನಡೆಯುತ್ತದೆ. ಪಾನ್ ಪಾನ್ ಪಟ ಪಾನ್ ಎಂದರೆ ದಾಳಿ. ಚಕ ಚಕ ಪಟ ಪಾನ್ ಎಂದರೆ ರಕ್ಷಣೆ. ನಾಲ್ಕೂ ಡೋಲು ಒಟ್ಟಿಗೆ ಸಿಗುವುದಿಲ್ಲ, ಆಟ ಸಾಗಿದಂತೆ ಒಂದೊಂದಾಗಿ ಕೈಗೆ ಬರುತ್ತವೆ.

ಅಕ್ಕನ ಮಗ ಮಾಡಿದ ತಪ್ಪು ಬಹುತೇಕ ಎಲ್ಲರೂ ಮಾಡುವಂಥದ್ದು. ನಾಲ್ಕು ಪೆಟ್ಟು ಹಾಕಿದ ಕೂಡಲೇ ಮತ್ತೆ ನಾಲ್ಕು ಹಾಕಲು ಹೋಗುತ್ತಿದ್ದ. ದಂಡು ತಬ್ಬಿಬ್ಬಾಗಿ ನಿಂತುಬಿಡುತ್ತಿತ್ತು. ಶತ್ರು ಹತ್ತಿರ ಬಂದಷ್ಟೂ ಅವನ ಬೆರಳು ಇನ್ನಷ್ಟು ಚುರುಕಾಗುತ್ತಿತ್ತು, ದಂಡು ಇನ್ನಷ್ಟು ಕೆಡುತ್ತಿತ್ತು. ನನ್ನ ತಾಯಿ ಪಕ್ಕದ ಕುರ್ಚಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಪರದೆಯತ್ತ ನೋಡಲೂ ಇಲ್ಲ, "ನಾಲ್ಕು ಹಾಕು, ನಾಲ್ಕು ಬಿಡು. ಅವರೂ ಹಾಡಬೇಡವೇ?" ಎಂದರು. ದಸರಾ ಕಚೇರಿಗಳನ್ನು ತೊಡೆಯ ಮೇಲೆ ತಾಳ ಹಾಕುತ್ತಲೇ ಕೇಳುತ್ತ ಬಂದವರು ಅವರು. ಸದ್ದಿನಿಂದಲೇ ಲೆಕ್ಕ ಹಿಡಿದಿದ್ದರು.

ಲೆಕ್ಕ ಅಷ್ಟೇ. ನಿಮ್ಮದು ನಾಲ್ಕು ಎಣಿಕೆ, ಬಳಿಕ ದಂಡು ಅದನ್ನೇ ಹಾಡಿ ನಡೆಯಲು ನಾಲ್ಕು ಎಣಿಕೆ. ಒಟ್ಟು ಎಂಟು, ಆದಿತಾಳದ ಒಂದು ಆವರ್ತದಷ್ಟು. ಒಂದು ಚಪ್ಪಾಳೆ, ಮೂರು ಬೆರಳು: ಅದು ನಿಮ್ಮ ಭಾಗ. ಆಮೇಲಿನ ಎರಡು ದ್ರುತ, ಎಂದರೆ ಚಪ್ಪಾಳೆ-ಬೀಸು, ಚಪ್ಪಾಳೆ-ಬೀಸು: ಅದು ದಂಡಿನ ಭಾಗ. ಆ ಹೊತ್ತಿನಲ್ಲಿ ಹೆಬ್ಬೆರಳನ್ನು ಬಟನ್‌ನಿಂದ ಮೇಲಕ್ಕೆತ್ತಿಬಿಡಿ. ಬಟನ್‌ಗೆ ತಾಗಿಸಿಕೊಂಡೇ ಇದ್ದರೆ ಒತ್ತದೆ ಇರಲು ಆಗುವುದಿಲ್ಲ. ಒಂದು ಎಣಿಕೆಗೆ ಸುಮಾರು ಅರ್ಧ ಸೆಕೆಂಡು. ಪರದೆಯ ಅಂಚು ಪ್ರತಿ ಎಣಿಕೆಗೂ ಮಿನುಗುತ್ತದೆ, ಆದರೆ ಕಣ್ಣನ್ನು ನಂಬಬೇಡಿ, ಕಿವಿಯನ್ನು ನಂಬಿ. ಮೊದಲ ದಿನ ಯಂತ್ರವನ್ನು ಬದಿಗಿಟ್ಟು ಬರೀ ತೊಡೆಯ ಮೇಲೆ ಹತ್ತು ಆವರ್ತ ಹಾಕಿ. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ಹುಡುಗನಿಗೆ ನಾನು ಹಾಗೆಯೇ ಕಲಿಸಿದೆ, ಅರ್ಧ ಗಂಟೆಯಲ್ಲಿ ಹಿಡಿತ ಬಂತು.

ತಪ್ಪಿಲ್ಲದೆ ಹತ್ತು ಸಲ ಮುಂದುವರಿದರೆ 'ಫೀವರ್' ಎಂಬ ಸ್ಥಿತಿ ಬರುತ್ತದೆ. ಪೆಟ್ಟುಗಳು ಕರಾರುವಾಕ್ಕಾಗಿದ್ದರೆ ಅದಕ್ಕೂ ಮೊದಲೇ ಬರುತ್ತದೆ. ಆಗ ಹಾಡು ಏರುತ್ತದೆ, ದಂಡಿನ ಬಲವೂ ಏರುತ್ತದೆ. ಅಲ್ಲಿಗೆ ಬಂದವರು ಖುಷಿಯಲ್ಲಿ ವೇಗ ಹೆಚ್ಚಿಸಿ ತಾಳ ಕಳೆದುಕೊಳ್ಳುತ್ತಾರೆ. ವೇಗ ಬದಲಾಗುವುದೇ ಇಲ್ಲ, ಅದೇ ಅರ್ಧ ಸೆಕೆಂಡು.

ಇಲ್ಲಿ ಒಂದು ಮಾತು. "ಮೊಬೈಲಿನಲ್ಲೇ ಪಿಎಸ್‌ಪಿ ಆಟ ಆಡಬಹುದಲ್ಲ?" ಎಂದು ಕೇಳುವವರಿದ್ದಾರೆ. ಬೇರೆ ಆಟಗಳಿಗೆ ಹೇಗೋ ಆದೀತು, ಪಟಪಾನ್‌ಗೆ ಬೇಡ. ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಸದ್ದು ಒಂದು ಚೂರು ತಡವಾಗಿ ಬರುತ್ತದೆ. ತಾಳದ ಆಟದಲ್ಲಿ ಆ ಚೂರೇ ಎಲ್ಲ. ಪಿಎಸ್‌ಪಿಗೆ ತಂತಿಯ ಇಯರ್‌ಫೋನ್ ಚುಚ್ಚಿ ಆಡಿ, ಅಗ್ಗದ್ದಾದರೂ ಸರಿ.

ಮೂರನೆಯದು ಲುಮಿನೆಸ್. ಎರಡು ಬಣ್ಣದ ಚೌಕಗಳು ಮೇಲಿನಿಂದ ಬೀಳುತ್ತವೆ. ಒಂದೇ ಬಣ್ಣದ ನಾಲ್ಕನ್ನು ಒಟ್ಟುಗೂಡಿಸಬೇಕು, ಹಾಡಿನ ಲಯಕ್ಕೆ ತಕ್ಕಂತೆ ಸಾಗುವ ಗೆರೆಯೊಂದು ಅವನ್ನು ಅಳಿಸಿಕೊಂಡು ಹೋಗುತ್ತದೆ. ರೈಲಿಗೆ ಇದಕ್ಕಿಂತ ಒಳ್ಳೆಯ ಆಟವಿಲ್ಲ. ಮಂಡ್ಯದಲ್ಲಿ ಹತ್ತಿ ಕೂತು ಶುರು ಮಾಡಿದರೆ ಯಲಿಯೂರು, ಪಾಂಡವಪುರ ದಾಟಿದ್ದು ಗೊತ್ತಾಗುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಸೇತುವೆಯ ಮೇಲೆ ಗಾಲಿಗಳ ಸದ್ದು ಬದಲಾದಾಗ ಮಾತ್ರ ನಾನು ತಲೆ ಎತ್ತುತ್ತೇನೆ.

ನಾಲ್ಕನೆಯದಕ್ಕೆ ವೇಗ ಬೇಕೆನ್ನುವವರು ಬರ್ನ್‌ಔಟ್ ಲೆಜೆಂಡ್ಸ್ ಹಾಕಿಕೊಳ್ಳಿ. ಕೆಲವೇ ನಿಮಿಷಗಳಲ್ಲಿ ಒಂದು ರೇಸ್ ಮುಗಿಯುತ್ತದೆ, ಕ್ಯಾಮೆರಾದ ತಂಟೆಯಿಲ್ಲ.

ಇಷ್ಟಾದ ಮೇಲೆ ದೊಡ್ಡ ಆಟಗಳಿಗೆ ಬನ್ನಿ. ಗಾಡ್ ಆಫ್ ವಾರ್ ಸರಣಿಯ ಚೈನ್ಸ್ ಆಫ್ ಒಲಿಂಪಸ್ 2008ರದು. ಕ್ಯಾಮೆರಾವನ್ನು ಆಟವೇ ನೋಡಿಕೊಳ್ಳುವುದರಿಂದ ಒಂದೇ ಬಿಲ್ಲೆಯ ಯಂತ್ರದಲ್ಲೂ ಕೈ ತಡವರಿಸುವುದಿಲ್ಲ. ಪ್ರೊಸೆಸರನ್ನು ಪೂರ್ಣ 333 ಮೆಗಾಹರ್ಟ್ಜ್ ವೇಗದಲ್ಲಿ ಓಡಿಸುವ ಆಟವಾದ್ದರಿಂದ ಬ್ಯಾಟರಿ ಬೇಗ ಕರಗುತ್ತದೆ, ಮನೆಯಲ್ಲಿ ಚಾರ್ಜರ್ ಪಕ್ಕದಲ್ಲೇ ಆಡಿ. ರಕ್ತಪಾತ ಬಹಳ, ಮಕ್ಕಳ ಕೈಗೆ ಬೇಡ. ಕಥೆ ಬೇಕೆನ್ನುವವರಿಗೆ ಕ್ರೈಸಿಸ್ ಕೋರ್. ಅದರ ಮುಖ್ಯ ಕಥೆಯ ಪಕ್ಕದಲ್ಲಿ 300 ಚಿಕ್ಕ ಕಾರ್ಯಾಚರಣೆಗಳಿವೆ, ಬಹುಪಾಲು ಕೆಲವೇ ನಿಮಿಷಗಳವು. ಬಸ್ ಕಾಯುವ ಹೊತ್ತಿಗೆ ಒಂದು ಮುಗಿಯುತ್ತದೆ.

ಕ್ರಿಕೆಟ್ ಇಲ್ಲವೇ ಎಂದು ಕೇಳುತ್ತಾರೆ. ಬ್ರಯಾನ್ ಲಾರಾ 2007 ಪ್ರೆಷರ್ ಪ್ಲೇ ಇದೆ. ಹೈದರಾಬಾದಿನಲ್ಲಿ ತಯಾರಾದ ದೇಸಿ ಅಡ್ಡಾ ಎಂಬ ಆಟದಲ್ಲಿ ಕಬಡ್ಡಿ, ಚಿನ್ನಿದಾಂಡು, ಗಾಳಿಪಟಗಳೂ ಇವೆ. ನಮ್ಮ ಆಟಗಳನ್ನು ಆ ಪರದೆಯಲ್ಲಿ ನೋಡುವ ಸಂತೋಷಕ್ಕೆ ಎರಡೂ ಸಿಕ್ಕರೆ ಕೊಳ್ಳಿ, ಮೊದಲ ನಾಲ್ಕರ ಬದಲಿಗೆ ಮಾತ್ರ ಕೊಳ್ಳಬೇಡಿ. ಇಬ್ಬರ ಬಳಿ ಯಂತ್ರಗಳಿದ್ದರೆ ಟೆಕ್ಕನ್ ಡಾರ್ಕ್ ರೆಸರೆಕ್ಷನ್ ತರಿಸಿ. ಇಂಟರ್ನೆಟ್ ಬೇಕಿಲ್ಲ, ವೈಫೈ ಸ್ವಿಚ್ ಹಾಕಿಕೊಂಡು ಎದುರುಬದುರು ಕೂತರೆ ಸಾಕು. ಇ1000 ಎಂಬ ಅಗ್ಗದ ಮಾದರಿಯಲ್ಲಿ ವೈಫೈ ಇಲ್ಲ, ಅದನ್ನು ಕೊಳ್ಳುವ ಮುನ್ನ ಯೋಚಿಸಿ.

ಆಟದ ನಡುವೆ ಎದ್ದು ಹೋಗಬೇಕಾದರೆ

ಬಲಬದಿಯ ಪವರ್ ಸ್ವಿಚ್ಚನ್ನು ಒಮ್ಮೆ ಮೇಲಕ್ಕೆ ಸರಿಸಿ ಬಿಟ್ಟುಬಿಡಿ. ಯಂತ್ರ ನಿದ್ರಿಸುತ್ತದೆ, ಮತ್ತೆ ಸರಿಸಿದರೆ ಬಿಟ್ಟಲ್ಲಿಂದಲೇ ಆಟ ಏಳುತ್ತದೆ. ಸ್ವಿಚ್ಚನ್ನು ಹಿಡಿದುಕೊಂಡೇ ಇದ್ದರೆ ಪೂರ್ತಿ ಆರಿಹೋಗುತ್ತದೆ, ಉಳಿಸದೆ ಇದ್ದದ್ದೆಲ್ಲ ಹೋಗುತ್ತದೆ.

ಹಳೆಯ ಕಾರ್ಡ್

ಯಂತ್ರದ ಜೊತೆ ಬಂದ ಕಾರ್ಡನ್ನು ಹಾಕಿ, ಆಟದ ಮೆನುವಿನಲ್ಲಿ ಉಳಿಸಿದ ಆಟಗಳ ಪಟ್ಟಿಯನ್ನು ತೆರೆಯಿರಿ. ಆಟದ ಹೆಸರು, ಉಳಿಸಿದ ದಿನಾಂಕ ಕಾಣುತ್ತದೆ. ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಪಿಎಸ್‌ಪಿ ಫೋಲ್ಡರಿನೊಳಗಿನ ಸೇವ್‌ಡೇಟಾ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಟ್ಟುಕೊಳ್ಳಿ. ಆಮೇಲೆ ಬೇಕಾದರೆ ಅಳಿಸಿ. ನಮ್ಮ ಹುಡುಗನ ಯಂತ್ರದ ಪೌಚಿನಲ್ಲಿ ಅಂಥದ್ದೊಂದು ಕಾರ್ಡ್ ಇತ್ತು. ಅದರಲ್ಲಿ ಅವನ ಚಿಕ್ಕಪ್ಪ 2010ರಲ್ಲಿ ಅರ್ಧಕ್ಕೆ ನಿಲ್ಲಿಸಿದ ಕ್ರೈಸಿಸ್ ಕೋರ್ ಹಾಗೆಯೇ ಉಳಿದಿತ್ತು. ಫೋನ್ ಮಾಡಿ ತಿಳಿಸಿದೆವು. "ಅಳಿಸಬೇಡಿ, ಭಾನುವಾರ ಬರುತ್ತೇನೆ" ಎಂದರು. ಬೆಂಗಳೂರಿನಿಂದ ಬೆಳಗಿನ ರೈಲಿಗೇ ಬಂದಿಳಿದರು, ಡಿಸ್ಕ್ ಅವರ ಜೇಬಿನಲ್ಲೇ ಇತ್ತು.